ಹತ್ತು ಎಣಿಸುವಷ್ಟು ಹೊತ್ತು

ಮೈಕಣ್ಣನ ಬಾಯಿಗೆ ಬೀಗ ಬಿದ್ದದ್ದು ಗುರುವಾರ ಬೆಳಿಗ್ಗೆ ಏಳು ಗಂಟೆಗೆ. ಬೀಗ ಹಾಕಿದವರು ಮಾತಿನ ಡಾಕ್ಟರಮ್ಮ. ಕೀಲಿಕೈ ಇದ್ದದ್ದು ಮಾತ್ರ ಎರಡು ವರ್ಷ ಒಂಬತ್ತು ತಿಂಗಳಿನ ಗುಬ್ಬಿಯ ಹತ್ತಿರ.

ಗುಬ್ಬಿ ಮೈಕಣ್ಣನ ಒಬ್ಬಳೇ ಮಗಳು. ಕರೆಯುವುದು ಗುಬ್ಬಿ ಎಂದಾದರೂ ಚಿಲಿಪಿಲಿ ಎನ್ನುವುದಿಲ್ಲ. ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಿದವರು ಬರೆದುಕೊಟ್ಟಿದ್ದಾರೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಚಪ್ಪಲಿ ತಾ ಎಂದರೆ ಎರಡೂ ಕಾಲಿನದು ತರುತ್ತಾಳೆ. ಬಾಯಿಂದ ಮಾತ್ರ ಒಂದು ಮಾತು ಹೊರಟಿಲ್ಲ. ಅಪ್ಪನಿಗೋ ಮಾತೇ ಹೊಟ್ಟೆಪಾಡು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಹದಿನಾರು ವರ್ಷದಿಂದ ಮೈಕಿನ ಮುಂದೆ ಕೂತು, ತಾನೇ ಮೈಕಣ್ಣನಾಗಿಬಿಟ್ಟವನು. ಪ್ರಯಾಣಿಕ "ಸ್ವಾಮೀ, ಈ..." ಎನ್ನುವಷ್ಟರಲ್ಲಿ "ನಾಲ್ಕನೇ ಪ್ಲಾಟ್‌ಫಾರಂ, ಹತ್ತೂ ನಲವತ್ತು, ಕಿಟಕಿ ಪಕ್ಕ ಬೇಕಿದ್ರೆ ಓಡಿ" ಎಂದು ಕಳಿಸಿಕೊಡುವುದು ಅವನ ಪದ್ಧತಿ. ಒಮ್ಮೊಮ್ಮೆ ಆ ಮನುಷ್ಯ ಕೇಳಬೇಕೆಂದಿದ್ದು ಶೌಚಾಲಯ ಎಲ್ಲಿದೆ ಎಂದು. ಅಷ್ಟು ಹೊತ್ತಿಗೆ ಅವನು ಬಸ್ಸಿನಲ್ಲಿರುತ್ತಿದ್ದ.

ಬುಧವಾರ ಸಂಜೆ ಡಾಕ್ಟರಮ್ಮ ಅಪ್ಪ ಮಗಳನ್ನು ಒಂದು ಕೋಣೆಯಲ್ಲಿ ಆಟಕ್ಕೆ ಬಿಟ್ಟು, ಗಾಜಿನ ಆಚೆ ಕೂತು ಅರ್ಧ ಗಂಟೆ ಏನೋ ಗೀಟು ಹಾಕುತ್ತಿದ್ದರು. ಮೈಕಣ್ಣನ ಅತ್ತೆಯವರೂ ಕೋಣೆಯೊಳಗೇ ಇದ್ದರು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು ಕನ್ನಡಕ ತೆಗೆದರು.

"ನೋಡಿ, ಅರ್ಧ ಗಂಟೇಲಿ ನೀವು ಮಗುನ ನೂರಾ ನಲವತ್ತೆರಡು ಪ್ರಶ್ನೆ ಕೇಳಿದ್ರಿ. ನೂರಾ ನಲವತ್ತಕ್ಕೆ ನೀವೇ ಉತ್ತರ ಹೇಳಿದ್ರಿ."

"ಇನ್ನೆರಡು?" ಎಂದ ಮೈಕಣ್ಣ, ಆಸೆಯಿಂದ.

"ಅದಕ್ಕೆ ನಿಮ್ಮ ಅತ್ತೆ ಹೇಳಿದ್ರು."

ಮೈಕಣ್ಣನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಡಾಕ್ಟರಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. "ಮಾತು ತಡವಾಗೋಕೆ ನೀವೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಅವಳ ಸರದಿ ಅವಳಿಗೆ ಬಿಟ್ಟುಕೊಡಿ. ಅವಳ ಎತ್ತರಕ್ಕೆ ಕೂತ್ಕೊಳ್ಳಿ. ಹುಬ್ಬು ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು, ಮುಂದಕ್ಕೆ ಬಾಗಿ, 'ಹೇಳು, ನಾನು ಕೇಳ್ತಾ ಇದ್ದೀನಿ' ಅನ್ನೋ ಹಾಗೆ ಮುಖ ಇಟ್ಟು, ಮನಸ್ಸಲ್ಲೇ ಹತ್ತು ಎಣಿಸಿ. ಅವಳು ಕೈ ತೋರಿಸಿದ್ರೂ ಅದು ಮಾತೇ, ಕಣ್ಣು ಹೊರಳಿಸಿದ್ರೂ ಮಾತೇ, ಊಂ ಅಂದ್ರೂ ಮಾತೇ. ಆದರೆ ಅವಳೇ ಶುರು ಮಾಡಬೇಕು, ನಿಮ್ಮ ಹತ್ತಿರ. ಒಂದೇ ಒಂದು ಸಲ ಸಾಕು, ಮುಂದಿನ ಹಂತಕ್ಕೆ ಹೋಗೋಣ. ನಾಳೆ ಐದಕ್ಕೆ ಎಲ್ಲರೂ ಬನ್ನಿ."

ಎದ್ದು ಹೊರಟವನಿಗೆ ಇನ್ನೊಂದು ಮಾತು ಸೇರಿಸಿದರು. "ಬರೀ ಮಗು ಹತ್ತಿರ ಮಾಡಿದ್ರೆ ಅಭ್ಯಾಸ ಆಗಲ್ಲ ನಿಮಗೆ. ನಾಳೆ ಯಾರು ಏನೇ ಹೇಳಲಿ, ಹತ್ತು ಎಣಿಸಿ ಆಮೇಲೆ ಬಾಯಿ ತೆಗೀರಿ."

ಹಾಗಾಗಿ ಗುರುವಾರ ಬೆಳಿಗ್ಗೆ ಏಳಕ್ಕೆ ಮೈಕಣ್ಣ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಗುಬ್ಬಿಯ ಕೈಯಲ್ಲಿ ಬಿಸ್ಕತ್ತಿನ ಗಾಜಿನ ಡಬ್ಬಿ, ಮುಚ್ಚಳ ಬಿಗಿ. ಬಿಸ್ಕತ್ತು ಕಾಣಬೇಕು, ಸಿಗಬಾರದು. ಆಗ ಮಗು ತಾನಾಗಿ ಕೇಳುತ್ತದೆ ಎಂಬುದು ಡಾಕ್ಟರಮ್ಮನ ಉಪಾಯ. ಮೈಕಣ್ಣ ಹುಬ್ಬು ಏರಿಸಿದ. ಬಾಯಿ ತೆರೆದ. ಒಂದು, ಎರಡು, ಮೂರು. ಹೊಟ್ಟೆಯೊಳಗೆ ಮಾತು ಹಾಲಿನಂತೆ ಉಕ್ಕಿ ಬಂತು, ತಡೆದುಕೊಂಡ. ಗುಬ್ಬಿ ಡಬ್ಬಿ ನೋಡಿದಳು, ಅಪ್ಪನ ಮುಖ ನೋಡಿದಳು. ನಾಲ್ಕು.

"ಅಯ್ಯೋ, ಮಗೂನ ಯಾಕೆ ಗೋಳು ಹುಯ್ಕೋತೀರಿ ಅಳಿಯಂದಿರೇ!" ಎನ್ನುತ್ತಾ ಅತ್ತೆ ಬಂದು ಮುಚ್ಚಳ ತಿರುಗಿಸಿ, ಎರಡು ಬಿಸ್ಕತ್ತು ಕೈಗಿಟ್ಟು, ಒಂದನ್ನು ತಾವೂ ತಿಂದರು.

ಬೇರೆ ದಿನವಾಗಿದ್ದರೆ ಮೈಕಣ್ಣ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ. ಇವತ್ತು ವ್ರತ. ಮಂಡಿಯ ಮೇಲೇ ತಿರುಗಿ, ಅದೇ ಮುಖವನ್ನು ಅತ್ತೆಯತ್ತ ಹಿಡಿದ. ಏರಿದ ಹುಬ್ಬು, ತೆರೆದ ಬಾಯಿ, ಮುಂದೆ ಬಾಗಿದ ಮೈ. ಒಂದು. ಎರಡು.

"ಏನು ಹಾಗೆ ನೋಡ್ತೀರಿ?" ಎಂದರು ಅತ್ತೆ.

ಮೂರು. ನಾಲ್ಕು. ಐದು.

ಅತ್ತೆ ಸೆರಗು ಸರಿಮಾಡಿಕೊಂಡರು. ಕಿಟಕಿಯತ್ತ ನೋಡಿದರು. ಆರಕ್ಕೆ ಕಟ್ಟೆ ಒಡೆಯಿತು. "ಸರಿ, ಹೌದು! ಟಿವಿ ಹಾಕ್ತೀನಿ. ನೀವೂ ನನ್ನ ಮಗಳೂ ಕೆಲಸಕ್ಕೆ ಹೊರಟ ಮೇಲೆ ಹಾಕ್ತೀನಿ. ಡಾಕ್ಟರು ಬೇಡ ಅಂದಿದ್ದು ಗೊತ್ತು. ಮೂರು ಧಾರಾವಾಹಿ, ಬರೀ ಮೂರು. ಮಗು ತೊಡೆ ಮೇಲೆ ತೆಪ್ಪಗೆ ಕೂತಿರುತ್ತೆ. ಯಾರು ಹೇಳಿದ್ರು ನಿಮಗೆ, ಎದುರುಮನೆಯವರಾ?"

ಮೈಕಣ್ಣನ ಬಾಯಿ ಇನ್ನಷ್ಟು ತೆರೆಯಿತು. ಈಗ ಅಭ್ಯಾಸಕ್ಕಲ್ಲ, ಆಘಾತಕ್ಕೆ. ಆರು ತಿಂಗಳಿಂದ ಬಟ್ಟೆ ಹೊದ್ದು ಮಲಗಿದ್ದ ಟಿವಿ ಅದು! ಅವನೇ ಹೊದಿಸಿದ್ದು! ಹತ್ತು ಎಣಿಸಿ ಮುಗಿಸಿದವನೇ ಚೀಲ ಹೆಗಲಿಗೇರಿಸಿ ಹೊರಟ.

ಗೇಟಿನಲ್ಲಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಹಲ್ಲುಜ್ಜುತ್ತಾ ನಿಂತಿದ್ದರು. ಗುಬ್ಬಿಯ ವಿಷಯಕ್ಕೆ ದಿನಕ್ಕೊಂದು ಸಲಹೆ ಕೊಡದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಏನಪ್ಪಾ ಮೈಕಣ್ಣ, ಆ ಡಾಕ್ಟರು ಈ ಡಾಕ್ಟರು ಅಂತ ಯಾಕೆ ಅಲೀತೀಯ? ನನ್ನ ಮಗ ಮಾತಾಡಿದ್ದು ಐದು ವರ್ಷಕ್ಕೆ. ಇವತ್ತು ನೋಡು, ವಕೀಲ!"

ಈ ಕತೆಯನ್ನು ಮೈಕಣ್ಣ ಇನ್ನೂರು ಸಲ ಕೇಳಿದ್ದ, ಇನ್ನೂರು ಸಲ ತಲೆಯಾಡಿಸಿದ್ದ. ಇವತ್ತು ಸ್ಕೂಟರಿನ ಪಕ್ಕ ನಿಂತು, ಹುಬ್ಬು ಏರಿಸಿ, ಮುಂದಕ್ಕೆ ಬಾಗಿ, ಕಾದ. ಹೆಡ್‌ಮಾಸ್ತರರ ಕೈಯಲ್ಲಿ ಬ್ರಷ್ಷು ನಿಂತಿತು. ಮೂವತ್ತೈದು ವರ್ಷ ಹುಡುಗರನ್ನು ಹಾಗೆ ನೋಡಿ ಬಾಯಿ ಬಿಡಿಸಿದ್ದ ಮನುಷ್ಯ. ತಮ್ಮನ್ನು ಯಾರಾದರೂ ಹಾಗೆ ನೋಡಿದ್ದು ಅದೇ ಮೊದಲು. ಏಳನೇ ಎಣಿಕೆಗೆ ನೊರೆ ಉಗುಳಿದರು.

"ಸುಳ್ಳು ಕಣಪ್ಪ. ಒಂದೂವರೆ ವರ್ಷಕ್ಕೇ ಮಾತಾಡಿದ ಅವನು. ಈಗ ಆಡಲ್ಲ, ನನ್ನ ಹತ್ತಿರ. ಮೇಲಿನ ಮಹಡೀಲೇ ಇದ್ದಾನೆ, ಮೆಟ್ಟಿಲಲ್ಲಿ ಎದುರಾದ್ರೆ ಫೋನ್ ನೋಡ್ತಾ ಹೋಗ್ತಾನೆ. ಎರಡು ವರ್ಷ ಆಯ್ತು." ಬ್ರಷ್ಷು ಕೊಡವಿ, "ನಿನ್ನ ಸ್ಕೂಟರ್ ಕನ್ನಡಿ ಒಡೆದವನೂ ನಾನೇ. ಬೆಕ್ಕಿನ ಮೇಲೆ ಹಾಕಿದ್ದೆ ನೋಡು, ಅದು ನನ್ನ ಕೊಡೆ ತಗುಲಿದ್ದು" ಎಂದರು.

ಮೈಕಣ್ಣ ಗರ ಬಡಿದವನಂತೆ ಸ್ಕೂಟರು ಹತ್ತಿದ. ಆ ಬೆಕ್ಕಿಗೆ ಅವನು ಎರಡು ವಾರ ಹಾಲು ನಿಲ್ಲಿಸಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದ. ಇಲ್ಲಿ ಕಳ್ಳ ಎಂದೂ ಅಂದಿರಲಿಲ್ಲ, ಸುಮ್ಮನೆ ಹುಬ್ಬು ಎತ್ತಿದ್ದ, ಅಷ್ಟೇ. ಒಂದು ಮೆಚ್ಚುಗೆ ಮಾತ್ರ ಮನಸ್ಸಿನಲ್ಲಿ ಮೂಡಿತು: ಉಪಾಯ ಕೆಲಸ ಮಾಡುತ್ತದೆ. ದೊಡ್ಡವರ ಮೇಲೇ ಇಷ್ಟು ಕೆಲಸ ಮಾಡಿದರೆ, ಮಗುವಿನ ಮೇಲೆ ಮಾಡದೆ ಇರುತ್ತದೆಯೇ? ಸಂಜೆಯೊಳಗೆ ಕೈ ಪಳಗಬೇಕು.

ಕೌಂಟರಿನಲ್ಲಿ ಮೊದಲು ಬಂದವನು ಸೂಟ್‌ಕೇಸು ಹಿಡಿದ, ಕೋಟು ತೊಟ್ಟ ಗೃಹಸ್ಥ. "ಹನ್ನೊಂದು ಗಂಟೆ ಬಸ್ಸು ಎಲ್ಲಿ ನಿಲ್ಲುತ್ತೆ?"

ಒಂದು, ಎರಡು, ಮೂರು, ನಾಲ್ಕು...

ಗೃಹಸ್ಥ ಹಿಂದೆ ಮುಂದೆ ನೋಡಿ, ಜಾಲರಿಗೆ ಬಾಯಿ ಹತ್ತಿರ ತಂದ. "ಗೊತ್ತಾಗಿಬಿಡ್ತಾ? ಹೌದು, ನಾನು ಯಾವ ಊರಿಗೂ ಹೋಗ್ತಿಲ್ಲ. ಕೆಲಸ ಬಿಟ್ಟು ನಾಲ್ಕು ತಿಂಗಳಾಯ್ತು, ಮನೇಲಿ ಹೇಳಿಲ್ಲ. ದಿನಾ ಒಂದು ಬಸ್ ಹತ್ತಿ ಕೊನೇ ಸ್ಟಾಪಿಗೆ ಹೋಗಿ ವಾಪಸ್ ಬರ್ತೀನಿ."

ಅವನ ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸು ಮುಂದೆ ನುಗ್ಗಿದಳು. ಅವಳಿಗೆ ಐದರವರೆಗೂ ಎಣಿಸಬೇಕಾಗಲಿಲ್ಲ. "ನನ್ನ ಹಾಗೆ ನೋಡ್ಬೇಡಿ! ಮದುವೆಗೆ ಹೋಗ್ತಿದ್ದೀನಿ. ಈ ಹಲ್ಲಿನ ಸೆಟ್ಟು ನಮ್ಮಕ್ಕಂದು. ಅವಳಿನ್ನೂ ಮನೇಲಿ ಮಂಚದ ಕೆಳಗೆ ಹುಡುಕ್ತಾ ಇದ್ದಾಳೆ."

ಹನ್ನೊಂದೂವರೆಯ ಹೊತ್ತಿಗೆ ವಿಚಾರಣೆ ಕೌಂಟರಿನ ಮುಂದಿನ ಸಾಲು ಶೌಚಾಲಯದ ಬಾಗಿಲು ಮುಟ್ಟಿತ್ತು. ಇಲ್ಲಿ ಕೂತಿರುವವರು ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾರಂತೆ, ಹೇಳಿದ ಮೇಲೆ ಎದೆ ಹಗುರಾಗುತ್ತದಂತೆ ಎಂದು ಬಾಯಿಂದ ಬಾಯಿಗೆ ಹಬ್ಬಿತ್ತು. ಯಾರಿಗೂ ಬಸ್ಸಿನ ಸಮಯ ಬೇಡ. ಒಬ್ಬ ಅಣ್ಣನ ಅಂಗಡಿಯ ಕೀಲಿ ಬಾವಿಗೆ ಹಾಕಿದ್ದ. ಒಬ್ಬಳು ಪರೀಕ್ಷೆಯನ್ನು ತಂಗಿಯ ಕೈಲಿ ಬರೆಸಿದ್ದಳು. ಒಂದೊಂದು ಕೇಳಿದಾಗಲೂ ಮೈಕಣ್ಣ ಹೌಹಾರುತ್ತಿದ್ದ. ಹದಿನಾರು ವರ್ಷ ಈ ಜಾಲರಿಯ ಹಿಂದೆ ಕೂತು ಎಷ್ಟು ಜನರನ್ನು ಬಸ್ಸು ಹತ್ತಿಸಿ ಕಳಿಸಿದ್ದ, ಒಬ್ಬರ ಹೊಟ್ಟೆಯೊಳಗೆ ಏನಿದೆ ಎಂದೂ ತನಗೆ ಗೊತ್ತಿರಲಿಲ್ಲವಲ್ಲ! ಅತ್ತ ಮೈಕು ಮೂಕವಾಗಿತ್ತು. ಮೂರು ಬಸ್ಸುಗಳು ಖಾಲಿ ಹೋದವು. ಎರಡು ಬಸ್ಸಿನವರು ಪ್ಲಾಟ್‌ಫಾರಂ ಬದಲಿಸಿಕೊಂಡದ್ದು ಯಾರಿಗೂ ತಿಳಿಯದೆ, ಉತ್ತರಕ್ಕೆ ಹೋಗಬೇಕಾದ ಜನ ದಕ್ಷಿಣಕ್ಕೆ ಹೋದರು.

ಹನ್ನೆರಡಕ್ಕೆ ದೊಡ್ಡ ಸಾಹೇಬರೇ ಇಳಿದು ಬಂದರು. "ಏನ್ರೀ ಇದು ಮೈಕಣ್ಣ? ಮೌನವ್ರತನೋ, ಮುಷ್ಕರನೋ? ಬೆಳಗ್ಗಿಂದ ಒಂದು ಅನೌನ್ಸ್‌ಮೆಂಟ್ ಇಲ್ಲ!"

ಹೇಳಿಬಿಡಬೇಕೆಂದು ನಾಲಿಗೆ ತುರಿಸಿತು. ಆದರೆ ಗುಬ್ಬಿಯ ಮುಖ ಕಣ್ಣಮುಂದೆ ಬಂತು. ಇಲ್ಲಿ ಸೋತರೆ ಸಂಜೆ ಗೆಲ್ಲುವುದೆಲ್ಲಿ? ಹುಬ್ಬು ಎತ್ತಿದ. ಒಂದು. ಎರಡು.

ಸಾಹೇಬರು ಕೆಮ್ಮಿದರು. ನಾಲ್ಕಕ್ಕೆ ಬಾಗಿಲು ಮುಚ್ಚಿದರು. ಐದಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ಯಾರು ಹೇಳಿದ್ರು ನಿಮಗೆ? ಆರ್ಡರ್ ಇನ್ನೂ ನನ್ನ ಮೇಜಿನೊಳಗೇ ಇದೆ. ನೋಡಿ, ನಾನು ಮೇಲಿನವರಿಗೆ ಎಷ್ಟೋ ಹೇಳಿದೆ. ಕೇಳಲಿಲ್ಲ. ಒಂದನೇ ತಾರೀಖಿಂದ ಈ ಕೌಂಟರ್ ಇರಲ್ಲ. ಯಂತ್ರ ಬರುತ್ತೆ. ಗುಂಡಿ ಒತ್ತಿದ್ರೆ ಧ್ವನಿ ಹೇಳುತ್ತೆ."

ಮೈಕಣ್ಣನಿಗೆ ಎಣಿಕೆ ಎಲ್ಲಿಗೆ ನಿಂತಿತೋ ಮರೆಯಿತು. "ಯಾ... ಯಾರ ಧ್ವನಿ?" ಎಂದು ಕೇಳಿದ. ಅದು ಅವನು ಅವತ್ತು ಕಚೇರಿಯಲ್ಲಿ ಆಡಿದ ಮೊದಲ ಮಾತು.

"ನಿಮ್ಮದೇ. ಹೋದ ವರ್ಷ ರೆಕಾರ್ಡ್ ಮಾಡ್ಕೊಂಡಿದ್ವಲ್ಲ? ತುಂಬ ಸ್ಪಷ್ಟವಾಗಿ ಬಂದಿದೆ" ಎಂದು ಸಾಹೇಬರು ಸಮಾಧಾನ ಹೇಳಿದರು. "ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ್ದೀವಿ. ಪ್ರಶಾಂತವಾಗಿದೆ. ಕೊಡೆಗಳಿವೆ, ಊಟದ ಡಬ್ಬಿಗಳಿವೆ. ಇವತ್ತು ರಜ ತಗೊಂಡು ಮನೆಗೆ ಹೋಗಿ."

ಕೊಡೆಗಳ ಜೊತೆ ಏನು ಮಾತಾಡುವುದು ಎಂದು ಯೋಚಿಸುತ್ತಾ ಮೈಕಣ್ಣ ಸಂಜೆಯವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತಿದ್ದ. ನಾಲ್ಕೂವರೆಗೆ ಮನೆಯವರೆಲ್ಲ ಡಾಕ್ಟರಮ್ಮನ ಹತ್ತಿರ ಹೋಗುವ ಬಸ್ಸಿನಲ್ಲಿದ್ದರು. ಮುಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಗುಬ್ಬಿ. ಹಿಂದೆ ಮೈಕಣ್ಣ, ಪಕ್ಕದಲ್ಲಿ ಕಣ್ಣಾಸ್ಪತ್ರೆಯ ನರ್ಸ್ ಕೆಲಸ ಮುಗಿಸಿ ನೇರ ಬಂದಿದ್ದ ಹೆಂಡತಿ.

"ರೀ, ಏನಾಯ್ತು? ಯಾಕೆ ಹೀಗಿದ್ದೀರಿ? ಒಂದು ಮಾತೂ ಆಡ್ತಿಲ್ಲ" ಎಂದಳು ಹೆಂಡತಿ.

ಯಂತ್ರದ ಸುದ್ದಿಯನ್ನು ಹೇಗೆ ಹೇಳುವುದೆಂದು ತಿಳಿಯದೆ ಮೈಕಣ್ಣ ಅವಳತ್ತ ತಿರುಗಿದ. ಅಭ್ಯಾಸಬಲದಿಂದ ಹುಬ್ಬು ತಾನಾಗಿಯೇ ಏರಿತು. ಅವಳು ಎಂಟರವರೆಗೆ ತಡೆದಳು, ಗಟ್ಟಿಗಿತ್ತಿ. ಒಂಬತ್ತಕ್ಕೆ ಕಣ್ಣು ತುಂಬಿಕೊಂಡಳು.

"ಅಮ್ಮ ಹೇಳಿಬಿಟ್ಳಾ? ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ನೀವು ಇಲ್ಲದಾಗ ಗುಬ್ಬಿ ಕೇಳ್ತಾಳೆ ರೀ. ನನ್ನ ಬೆರಳು ಹಿಡಿದು ನಲ್ಲಿ ಹತ್ತಿರ ಎಳ್ಕೊಂಡು ಹೋಗ್ತಾಳೆ. ಬಾಗಿಲು ತೋರಿಸಿ ಊಂ ಅಂತಾಳೆ. ಒಂದು ತಿಂಗಳಾಯ್ತು. ನಿಮ್ಮ ಸ್ಕೂಟರ್ ಸದ್ದು ಕೇಳಿದ ತಕ್ಷಣ ನಿಲ್ಲಿಸಿಬಿಡ್ತಾಳೆ. ನೀವು ಬಂದ ಮೇಲೆ ಕೇಳೋ ಅಗತ್ಯಾನೇ ಇರಲ್ವಲ್ಲ, ಎಲ್ಲ ನೀವೇ ಹೇಳಿಬಿಡ್ತೀರಿ."

ಟಿವಿ, ಕನ್ನಡಿ, ಹಲ್ಲಿನ ಸೆಟ್ಟು, ಯಂತ್ರ ಎಲ್ಲವೂ ಅವನ ಮನಸ್ಸಿನಿಂದ ಹಾರಿಹೋದವು. ಮಗಳು ಕೇಳುತ್ತಾಳೆ! ಎಲ್ಲರನ್ನೂ ಕೇಳುತ್ತಾಳೆ, ತನ್ನೊಬ್ಬನನ್ನು ಬಿಟ್ಟು! ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮುಂದಿನ ಸೀಟಿನಿಂದ ಗುಬ್ಬಿ ತಿರುಗಿ, ಗಲ್ಲವನ್ನು ಕಂಬಿಯ ಮೇಲಿಟ್ಟು ಅವನನ್ನೇ ನೋಡುತ್ತಿದ್ದಳು. ಇವತ್ತು ಸತ್ತರೂ ಬಾಯಿ ಬಿಡುವುದಿಲ್ಲ, ಅವಳು ಕೇಳುವವರೆಗೂ ಬಿಡುವುದಿಲ್ಲ ಎಂದು ಮೈಕಣ್ಣ ಹಲ್ಲು ಕಚ್ಚಿದ.

ಡಾಕ್ಟರಮ್ಮ ಈ ಸಲ ಗಾಜಿನ ಆಚೆ ಕೂರಲಿಲ್ಲ, ಕೋಣೆಯ ಮೂಲೆಯಲ್ಲೇ ಕೂತರು. ಅತ್ತೆ, ಹೆಂಡತಿ ಗೋಡೆಗೆ ಒರಗಿ ನಿಂತರು. ಡಾಕ್ಟರಮ್ಮ ಸೋಪಿನ ಗುಳ್ಳೆ ಊದುವ ಶೀಶೆಯನ್ನು ಬಿಗಿಯಾಗಿ ಮುಚ್ಚಿ ಗುಬ್ಬಿಯ ಕೈಗೆ ಕೊಟ್ಟು, "ಶುರು ಮಾಡಿ" ಎಂದರು.

ಮೈಕಣ್ಣ ನೆಲಕ್ಕೆ ಕೂತ. ಹುಬ್ಬು ಏರಿಸಿದ. ಹತ್ತು ಎಣಿಸಿದ, ಗುಬ್ಬಿ ಶೀಶೆಯನ್ನು ಅಲ್ಲಾಡಿಸಿದಳು. ಇಪ್ಪತ್ತು ಎಣಿಸಿದ, ಮುಚ್ಚಳ ನೆಕ್ಕಿದಳು. ನಲವತ್ತಕ್ಕೆ ಅವನ ಹಣೆಯಲ್ಲಿ ಬೆವರು ಇಳಿಯಿತು. ಅತ್ತೆ ಸಹಾಯಕ್ಕೆ ಹೊರಟಿದ್ದನ್ನು ಹೆಂಡತಿ ಸೆರಗು ಹಿಡಿದು ನಿಲ್ಲಿಸಿದಳು. ಐವತ್ತು, ಐವತ್ತೊಂದು. ಆಮೇಲೆ ಮೈಕಣ್ಣನ ಧೈರ್ಯ ಕುಸಿಯಿತು. ಹುಬ್ಬು ಇಳಿಯಿತು, ಬಾಯಿ ಮುಚ್ಚಿತು, ತಲೆ ತಗ್ಗಿತು. ತನ್ನ ಹತ್ತಿರ ಅವಳು ಕೇಳುವುದಿಲ್ಲ, ಅಷ್ಟೇ.

ಶೀಶೆ ನೆಲದ ಮೇಲೆ ಇಟ್ಟ ಸದ್ದಾಯಿತು. ತಲೆಯೆತ್ತಿದರೆ ಗುಬ್ಬಿ ಎದುರಿಗೇ ಇದ್ದಳು. ಅವನ ಎತ್ತರಕ್ಕೆ ಸರಿಯಾಗಿ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಎರಡು ಪುಟ್ಟ ಹುಬ್ಬು ಹಣೆಯ ಮೇಲಕ್ಕೆ ಏರಿದ್ದವು. ಬಾಯಿ ಸ್ವಲ್ಪ ತೆರೆದಿತ್ತು. ಮೈ ಮುಂದಕ್ಕೆ ಬಾಗಿತ್ತು. ಕಣ್ಣು ಮಿಟುಕಿಸದೆ, ಅವನ ಮುಖವನ್ನೇ ನೋಡುತ್ತಾ, ಕಾಯುತ್ತಿದ್ದಳು.

"ಮಾತಾಡಬೇಡಿ" ಎಂದು ಮೂಲೆಯಿಂದ ಡಾಕ್ಟರಮ್ಮ ಪಿಸುಗುಟ್ಟಿದರು.

ಒಂದು. ಎರಡು. ಇಡೀ ಊರಿನ ಬಾಯಿ ಬಿಡಿಸಿ ಬಂದವನಿಗೆ ಆ ಮುಖದ ಎದುರು ಮೂರರವರೆಗೂ ತಡೆಯಲಾಗಲಿಲ್ಲ.

"ಸುಳ್ಳು ಹೇಳಿದ್ದೀನಿ ಕಂದ!" ಎಂದು ಬಿಟ್ಟ. "ನಿನ್ನ ಬಗ್ಗೆ ಆಫೀಸಲ್ಲಿ ಸುಳ್ಳು ಹೇಳಿದ್ದೀನಿ. ಒಂದು ವರ್ಷದಿಂದ ದಿನಾ ಹೇಳಿದ್ದೀನಿ. ನಮ್ಮ ಗುಬ್ಬಿ ಇವತ್ತು ಹೀಗಂದಳು, ನಿನ್ನೆ ಹಾಗಂದಳು ಅಂತ. ಫೋನಲ್ಲಿ 'ಅಪ್ಪ ಬೇಗ ಬಾ' ಅಂತಾಳೆ ಅಂತ. ಕಂಡಕ್ಟರುಗಳೆಲ್ಲ ನಿನ್ನ ಮಾತು ಕೇಳಿ ನಗ್ತಾರೆ. ಅದೆಲ್ಲ ನಾನೇ ಕಟ್ಟಿದ್ದು. ಮನೇಲಿ ಆ ಸದ್ದಿಲ್ಲದೆ ಇರೋದು ನನಗೆ ತಡೆಯೋಕಾಗಲ್ಲ, ಅದಕ್ಕೇ ನಿನ್ನ ಮಾತೂ ನಾನೇ ಆಡ್ತಿದ್ದೆ..."

ಈ ಸಂಗತಿ ಇಷ್ಟು ಹೊತ್ತು ನಮಗೂ ಗೊತ್ತಿರಲಿಲ್ಲ. ಅವನು ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ. ಕಟ್ಟೆ ಒಡೆದ ಮೇಲೆ ನೀರಿಗೆ ಹಿಂದೆ ಮುಂದೆ ಉಂಟೇ? ಅದೇ ಉಸಿರಿನಲ್ಲಿ ಟಿವಿಯ ಮೂರು ಧಾರಾವಾಹಿ ಹೊರಬಿತ್ತು. ಹೆಂಡತಿ ತಾಯಿಯತ್ತ ತಿರುಗಿದಳು. ಯಂತ್ರ, ಒಂದನೇ ತಾರೀಖು, ಕೊಡೆಗಳ ಕೋಣೆ ಎಲ್ಲ ಹೊರಬಿತ್ತು. ಇಬ್ಬರೂ ಅವನತ್ತ ತಿರುಗಿದರು. ಮೈಕಣ್ಣ ಹನ್ನೊಂದು ನಿಮಿಷ ಮಾತಾಡಿದ. ಗುಬ್ಬಿ ಹುಬ್ಬು ಇಳಿಸದೆ, ಆಸಕ್ತಿಯಿಂದ, ಪೂರ್ತಿ ಕೇಳಿದಳು. ಅವನು ಉಸಿರಿಗಾಗಿ ನಿಂತಾಗ ಮುಂದೆ ಬಂದು, ಅವನ ಒದ್ದೆ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ, "ಊಂ?" ಎಂದಳು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

"ಅದ್ಭುತ!" ಎಂದರು ಡಾಕ್ಟರಮ್ಮ, ಎದ್ದು ನಿಂತು. ಅವರ ಕಣ್ಣೂ ಒದ್ದೆಯಾಗಿತ್ತು. "ತಾನಾಗಿ ಶುರು ಮಾಡಿದಳು! ಎದುರಿಗೆ ಬಂದು ಕೂತಳು, ಮುಖ ನೋಡಿದಳು, ಸರದಿ ಬಿಟ್ಟುಕೊಟ್ಟಳು, ಕಾದಳು, ಆಮೇಲೆ ಕೇಳಿದಳು. ಅದೂ ಯಾರ ಹತ್ತಿರ? ನಿಮ್ಮ ಹತ್ತಿರ!"

ಮೈಕಣ್ಣನಿಗೆ ಸ್ವರ್ಗ ಮೂರೇ ಗೇಣು ಎನ್ನಿಸಿತು. ಮಗಳನ್ನು ಎತ್ತಿಕೊಂಡ. "ಹಾಗಾದ್ರೆ ಪಾಸಾ ಡಾಕ್ಟರೇ? ಮುಂದಿನ ಹಂತಕ್ಕೆ ಹೋಗಬಹುದಾ? ಯಾವಾಗಿಂದ? ಸೋಮವಾರದಿಂದಾನಾ? ಬೆಳಿಗ್ಗೆನಾ ಸಂಜೆನಾ? ಸಂಜೆನೇ ಒಳ್ಳೇದು ಅಲ್ವಾ? ಸಂಜೆನೇ ಇಟ್ಕೊಳ್ಳೋಣ ಬಿಡಿ!"

ಡಾಕ್ಟರಮ್ಮ ಮೇಜಿನ ಹತ್ತಿರ ಹೋಗಿ, ಗುಬ್ಬಿಯ ಚೀಟಿಯ ಮೇಲೆ ದೊಡ್ಡದಾಗಿ ಒಂದು ಸರಿ ಗುರುತು ಹಾಕಿ, 'ಮನೆಯಲ್ಲೇ ಮುಂದುವರಿಸಿ. ತಾಯಿ, ಅಜ್ಜಿಯೊಂದಿಗೆ ತಿಂಗಳಿಗೊಮ್ಮೆ ಬಂದರೆ ಸಾಕು' ಎಂದು ಬರೆದರು. ಆಮೇಲೆ ಡ್ರಾಯರಿನಿಂದ ಹೊಸದೊಂದು ಚೀಟಿ ತೆಗೆದರು. 'ಮಗುವಿನ ಹೆಸರು' ಎಂದು ಅಚ್ಚಾಗಿದ್ದ ಕಡೆ 'ಮೈಕಣ್ಣ' ಎಂದು ತುಂಬಿದರು. 'ವಯಸ್ಸು' ಎಂಬಲ್ಲಿ 'ನಲವತ್ತೊಂದು ವರ್ಷ' ಎಂದು ಬರೆದು, ಚೀಟಿಯನ್ನು ಅವನ ಕೈಗಿಟ್ಟರು.

"ಸೋಮವಾರ, ಗುರುವಾರ ಸಂಜೆ ಐದಕ್ಕೆ" ಎಂದರು. "ಮಗೂನ ಕರ್ಕೊಂಡು ಬರೋದು ಬೇಡ."